ಮೆಂಡೆಲ್ಸನ್‌ರ ‘ಹೆಬ್ರಿಡೀಸ್’: ಗುಹೆ ಕಾಣುವ ಮೊದಲೇ ಮೂಡಿದ ಸ್ವರಗಳು

ಪ್ರಶ್ನೆ: ನಾನು ಮುಖ್ಯವಾಗಿ ಕರ್ನಾಟಕ ಸಂಗೀತದ ಕೇಳುಗ. ಈಚೆಗೆ ಲಂಡನ್ನಿನಲ್ಲಿರುವ ಮಗಳು ಅಲ್ಲಿನ ಒಂದು ವಾದ್ಯವೃಂದದ ಕಛೇರಿಗೆ ಕರೆದುಕೊಂಡು ಹೋಗಿದ್ದಳು. ಮೆಂಡೆಲ್ಸನ್ ಎಂಬ ಜರ್ಮನ್ ಸಂಯೋಜಕರ ‘ಹೆಬ್ರಿಡೀಸ್’ ಎಂಬ ಕೃತಿಯನ್ನು ನುಡಿಸಿದರು. ಸ್ಕಾಟ್ಲೆಂಡಿನ ದೂರದ ದ್ವೀಪಗಳಿಗೆ ಹಡಗಿನಲ್ಲಿ ಹೋದಾಗ ಒಂದು ಗುಹೆಯೊಳಗೆ ಅಲೆಗಳ ಸದ್ದು ಕೇಳಿ ಅವರು ಇದನ್ನು ಬರೆದರಂತೆ. ನನಗೂ ಅಲೆ ಕೇಳಿಸಿದಂತಾಯಿತು. ಆದರೆ ಈ ಕಥೆ ಗೊತ್ತಿರದಿದ್ದರೆ ಕೇಳಿಸುತ್ತಿತ್ತೇ ಎಂಬ ಅನುಮಾನ ಉಳಿದುಕೊಂಡಿದೆ. ಸಾಹಿತ್ಯವೇ ಇಲ್ಲದ ಸಂಗೀತ ಕಡಲನ್ನು ಹೇಗೆ ಹೇಳುತ್ತದೆ? ಇಂಥ ಬೇರೆ ಕೃತಿಗಳೂ ಇವೆಯೇ?

ಉತ್ತರ: ಮೊದಲು ಆ ಕಥೆಯನ್ನು ಸ್ವಲ್ಪ ತಿದ್ದಬೇಕು, ಏಕೆಂದರೆ ನಿಮ್ಮ ಅನುಮಾನಕ್ಕೆ ಉತ್ತರ ಆ ತಿದ್ದುಪಡಿಯಲ್ಲಿಯೇ ಇದೆ. ಗುಹೆಯೊಳಗೆ ಅಲೆಗಳ ಮೊರೆತ ಕೇಳಿ ಮೆಂಡೆಲ್ಸನ್ ಈ ಕೃತಿಯನ್ನು ಕಲ್ಪಿಸಿದರೆಂಬುದು ಎಷ್ಟೋ ಕಛೇರಿಗಳ ಕೈಪಿಡಿಗಳಲ್ಲಿ ಮತ್ತೆ ಮತ್ತೆ ಅಚ್ಚಾಗುವ ಮಾತು. ದಾಖಲೆಗಳು ಹೇಳುವುದು ಬೇರೆ. ಕೃತಿಯ ಆರಂಭದ ಸ್ವರಗಳು ಕಾಗದಕ್ಕೆ ಇಳಿದದ್ದು 1829ರ ಆಗಸ್ಟ್ 7ರಂದು, ಮಲ್ ದ್ವೀಪದ ಟೊಬರ್ಮರಿ ಎಂಬ ಬಂದರಿನಿಂದ ಬರ್ಲಿನ್ನಿನ ಮನೆಯವರಿಗೆ ಬರೆದ ಪತ್ರದಲ್ಲಿ. ಗುಹೆ ಇರುವ ಸ್ಟಾಫಾ ದ್ವೀಪಕ್ಕೆ ಅವರ ಹಡಗು ಹೊರಟದ್ದು ಅದರ ಮರುದಿನ. ಹೆಬ್ರಿಡೀಸ್ ದ್ವೀಪಗಳಲ್ಲಿ ತಮ್ಮ ಮನಸ್ಸಿಗೆ ಎಂಥ ವಿಚಿತ್ರ ಅನುಭವವಾಯಿತೆಂದು ತಿಳಿಸುವುದಕ್ಕಾಗಿ, ಆಗಷ್ಟೇ ಹೊಳೆದದ್ದನ್ನು ಕೆಳಗೆ ಕೊಡುತ್ತಿದ್ದೇನೆ ಎಂಬ ಅರ್ಥದ ಒಂದೇ ವಾಕ್ಯ ಬರೆದು, ಅದರ ಕೆಳಗೆ 21 ಗಣಗಳಷ್ಟು (ಗಣವೆಂದರೆ ಪಾಶ್ಚಾತ್ಯ ಸ್ವರಲಿಪಿಯ ‘ಬಾರ್’, ನಮ್ಮ ತಾಳದ ಆವರ್ತದಂಥ ಅಳತೆ) ಸಂಗೀತವನ್ನು ಸಂಕ್ಷಿಪ್ತ ಸ್ವರಲಿಪಿಯಲ್ಲಿ ಅವರು ಗೀಚಿದ್ದಾರೆ. ಯಾವ ವಾದ್ಯ ಯಾವುದನ್ನು ನುಡಿಸಬೇಕೆಂಬ ಸೂಚನೆಯೂ ಅಲ್ಲಲ್ಲಿ ಇದೆ. ನೀವು ಲಂಡನ್ನಿನಲ್ಲಿ ಕೇಳಿದ ಆರಂಭ ಬಹುಮಟ್ಟಿಗೆ ಅದೇ. ಅಂದು ಅವರಿಗೆ 20 ವರ್ಷ.

ಆ ವರ್ಷದ ಮಾರ್ಚ್‌ನಲ್ಲಿ ಅವರು ಬರ್ಲಿನ್ನಿನಲ್ಲಿ ಬಾಖ್‌ರ ‘ಸೇಂಟ್ ಮ್ಯಾಥ್ಯೂ ಪ್ಯಾಷನ್’ ಅನ್ನು ನಡೆಸಿಕೊಟ್ಟು, ಬಹುಕಾಲದಿಂದ ಯಾರೂ ಕೇಳಿರದಿದ್ದ ಆ ಮಹಾಕೃತಿಗೆ ಮರುಜೀವ ಕೊಟ್ಟಿದ್ದರು. ಏಪ್ರಿಲ್‌ನಲ್ಲಿ ಇಂಗ್ಲೆಂಡಿಗೆ ಬಂದರು. ಬೇಸಿಗೆಯ ಸಂಗೀತ ಋತು ಮುಗಿದ ಮೇಲೆ, ಲಂಡನ್ನಿನಲ್ಲಿ ಹ್ಯಾನೋವರ್ ರಾಜ್ಯದ ಕಚೇರಿಯಲ್ಲಿ ಉದ್ಯೋಗದಲ್ಲಿದ್ದ ಗೆಳೆಯ ಕಾರ್ಲ್ ಕ್ಲಿಂಗೆಮನ್ ಜೊತೆ ಸ್ಕಾಟ್ಲೆಂಡಿನತ್ತ ಹೊರಟರು. ಜುಲೈ ಕೊನೆಯಲ್ಲಿ ಎಡಿನ್‌ಬರೊದ ಹೋಲಿರೂಡ್ ಅರಮನೆಯ ಪಕ್ಕದ, ಮಾಡು ಬಿದ್ದುಹೋಗಿ ಹುಲ್ಲು ಬೆಳೆದಿದ್ದ ಚಾಪೆಲ್ಲಿನಲ್ಲಿ ಅವರಿಗೆ ತಮ್ಮ ‘ಸ್ಕಾಟಿಷ್ ಸಿಂಫನಿ’ಯ ಮೊದಲ ಹೊಳಹು ಸಿಕ್ಕಿತು, ಅದು ಪೂರ್ಣವಾದದ್ದು 1842ರಲ್ಲಿ. ಆಗಸ್ಟ್ 7ರಂದು ಪಶ್ಚಿಮ ಕರಾವಳಿಯ ಓಬನ್ ಊರಿನ ಬಳಿ ಡನಾಲಿ ಕೋಟೆಯ ಅವಶೇಷವನ್ನೂ ಅದರಾಚೆಗೆ ಕಾಣುವ ಕಡಲು, ದ್ವೀಪಗಳನ್ನೂ ಪೆನ್ಸಿಲ್ಲಿನಲ್ಲಿ ಚಿತ್ರಿಸಿದರು. ಅವರು ಒಳ್ಳೆಯ ಚಿತ್ರಕಾರರೂ ಆಗಿದ್ದರು. ಮುಂದೆಲ್ಲೋ ಒಂದು ಮರ, ನಡುವೆ ನೀರು, ದೂರದಲ್ಲಿ ಮಂಕಾಗಿ ದ್ವೀಪಗಳ ಅಂಚು: ಕೋಟೆಯನ್ನು ಬಿಟ್ಟರೆ ಆ ಚಿತ್ರದಲ್ಲಿರುವುದು ಇಷ್ಟೇ. ಗುಹೆಯಿಲ್ಲ, ಬಿರುಗಾಳಿಯಿಲ್ಲ. ಹೊರಡುವ ದಡದಲ್ಲಿ ನಿಂತವನಿಗೆ ಕಾಣುವ ದೂರ ಇದೆ. ಅದೇ ಸಂಜೆಯ ಪತ್ರದ ಸ್ವರಗಳಲ್ಲಿಯೂ ಇರುವುದು ಆ ದೂರವೇ ಎಂದು ನನ್ನ ತಿಳಿವಳಿಕೆ.

ಮರುದಿನದ ಯಾನದ ವರ್ಣನೆ ನಮಗೆ ದೊರೆಯುವುದು ಕ್ಲಿಂಗೆಮನ್‌ರ ಪತ್ರದಿಂದ. ಕಡಲು ಒರಟಾಗಿತ್ತು, ಪ್ರಯಾಣಿಕರು ಒಬ್ಬೊಬ್ಬರಾಗಿ ಮಲಗಿದರು. 82 ವರ್ಷದ ಅಜ್ಜಿಯೊಬ್ಬರು ಸಾಯುವ ಮೊದಲು ಸ್ಟಾಫಾ ನೋಡಲೇಬೇಕೆಂದು ಹೊರಟವರು ಉಗಿಹಡಗಿನ ಬಿಸಿ ಹೊಗೆಕೊಳವೆಯ ಪಕ್ಕದಲ್ಲಿ ನಡುಗುತ್ತ ಕೂತಿದ್ದರು. ಮೆಂಡೆಲ್ಸನ್‌ರಿಗೆ ಕಡಲಿನ ಜೊತೆ ಸಂಗೀತಗಾರನಾಗಿ ಹೊಂದಿಕೆಯಾಗುವಷ್ಟು ಮನುಷ್ಯನಾಗಿ, ಅದರಲ್ಲೂ ಹೊಟ್ಟೆಯ ಮಟ್ಟಿಗೆ, ಆಗುವುದಿಲ್ಲವೆಂದು ಕ್ಲಿಂಗೆಮನ್ ತಮಾಷೆ ಮಾಡಿದ್ದಾರೆ. ಸಣ್ಣ ದೋಣಿಗಳಲ್ಲಿ ಇಳಿದು ಗುಹೆಯತ್ತ ಹೋದಾಗ ಕಂಡದ್ದನ್ನು ಅವರು ಒಂದು ಬೃಹತ್ ಆರ್ಗನ್ ವಾದ್ಯದ ಒಳಭಾಗಕ್ಕೆ ಹೋಲಿಸಿದ್ದಾರೆ: ಕಪ್ಪು, ಮಾರ್ದನಿಸುವ, ಯಾವ ಉದ್ದೇಶವೂ ಇಲ್ಲದ, ಒಂಟಿಯಾದ ಒಂದು ರಚನೆ. ಇಷ್ಟು ಸಂಗೀತಮಯವಾದ ಹೋಲಿಕೆ ಬಂದದ್ದು ಸಂಯೋಜಕರಿಂದಲ್ಲ, ಅವರ ಗೆಳೆಯನಿಂದ ಎಂಬುದನ್ನು ಗಮನಿಸಿ. ಹೊಟ್ಟೆ ತೊಳಸುತ್ತಿದ್ದ ಮೆಂಡೆಲ್ಸನ್ ಆ ದಿನ ಗುಹೆಯನ್ನು ಎಷ್ಟು ನೆಮ್ಮದಿಯಿಂದ ನೋಡಿರಬಹುದೆಂದು ನೀವೇ ಊಹಿಸಿಕೊಳ್ಳಿ.

ಇಲ್ಲಿ ಒಂದು ಸಣ್ಣ ಮಾತನ್ನು ಸೇರಿಸಬೇಕು. ‘ದೂರದ ದ್ವೀಪ’ ಎಂದಾಗ ಯಾರೂ ಕಾಲಿಡದ ನೆಲವನ್ನು ಕಲ್ಪಿಸಿಕೊಳ್ಳಬೇಡಿ. 1772ರಲ್ಲಿ ಐಸ್‌ಲ್ಯಾಂಡಿಗೆ ಹೊರಟಿದ್ದ ನಿಸರ್ಗವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಸ್ಟಾಫಾದಲ್ಲಿ ಇಳಿದು ಅದರ ವಿವರವನ್ನು ಹೊರಜಗತ್ತಿಗೆ ತಿಳಿಸಿದ ಮೇಲೆ ಕವಿಗಳು, ಚಿತ್ರಕಾರರು, ಹಣವಂತರು ಅಲ್ಲಿಗೆ ಮುಗಿಬಿದ್ದಿದ್ದರು. 1829ರ ಹೊತ್ತಿಗೆ ಅದು ಉಗಿಹಡಗಿನಲ್ಲಿ ಟಿಕೆಟ್ ಪಡೆದು ಹೋಗಿಬರುವ ಪ್ರವಾಸಿ ತಾಣ. ದ್ವೀಪವಂತೂ ನಮ್ಮ ಓದುಗರಲ್ಲಿ ಹಲವರಿಗೆ ನೋಡಿದಂತೆಯೇ ಅನಿಸಬಹುದು. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದರೆ, ಕಡಿದು ಜೋಡಿಸಿಟ್ಟಂತೆ ನಿಂತ ಬಹುಭುಜಾಕೃತಿಯ ಕಲ್ಲುಕಂಬಗಳನ್ನು ನೀವು ಕಂಡಿದ್ದೀರಿ. ಸ್ಟಾಫಾದ ಕಂಬಗಳೂ ಅದೇ ಬಗೆಯವು: ಲಾವಾ ನಿಧಾನವಾಗಿ ತಣಿಯುವಾಗ ಕುಗ್ಗಿ, ಬಿರುಕುಗಳು ಮೇಲಿನಿಂದ ಕೆಳಕ್ಕೆ ಇಳಿದು, ಬಂಡೆ ಕಂಬಕಂಬವಾಗಿ ಸೀಳುತ್ತದೆ. ಸ್ಟಾಫಾದ್ದು ಬಸಾಲ್ಟ್, ಆರು ಕೋಟಿ ವರ್ಷಗಳ ಆಸುಪಾಸಿನದು. ಮಲ್ಪೆಯದು ಅದಕ್ಕಿಂತ ಹಳೆಯದು, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ. ವ್ಯತ್ಯಾಸವೆಂದರೆ ಸ್ಟಾಫಾದಲ್ಲಿ ಕಡಲು ಈ ಕಂಬಗಳ ನಡುವೆ ಸುಮಾರು 70 ಮೀಟರ್ ಒಳಕ್ಕೆ ಕೊರೆದು ಗುಹೆ ಮಾಡಿದೆ.

ಹಾಗಿದ್ದರೆ ಗುಹೆಯ ಕಥೆ ಕೃತಿಗೆ ಅಂಟಿಕೊಂಡದ್ದು ಹೇಗೆ? ಹೆಸರುಗಳ ಮೂಲಕ. 1830ರ ಡಿಸೆಂಬರ್‌ನಲ್ಲಿ ರೋಮ್ ನಗರದಲ್ಲಿ ಮೊದಲ ರೂಪ ಪೂರ್ಣವಾದಾಗ ಮೆಂಡೆಲ್ಸನ್ ಅದನ್ನು ‘ಒಂಟಿ ದ್ವೀಪ’ ಎಂದು ಕರೆದಿದ್ದರು. ಅದೇ ತಿಂಗಳು ಅದು ‘ಹೆಬ್ರಿಡೀಸ್’ ಆಯಿತು. 1832ರ ಮೇ 14ರಂದು ಲಂಡನ್ನಿನ ಫಿಲ್‌ಹಾರ್ಮೊನಿಕ್ ಸೊಸೈಟಿಯ ಕಛೇರಿಯಲ್ಲಿ, ಮೊಝಾರ್ಟ್‌ರ ಶಿಷ್ಯರಾಗಿದ್ದ ಥಾಮಸ್ ಆಟ್‌ವುಡ್ ಅವರ ನಿರ್ದೇಶನದಲ್ಲಿ ಮೊದಲ ಬಾರಿ ಕೇಳಿಬಂದಾಗ ಅದರ ಹೆಸರು ‘ಫಿಂಗಲ್‌ನ ದ್ವೀಪಗಳು’. ಫಿಂಗಲ್ ಎಂಬಾತ 1760ರ ದಶಕದಲ್ಲಿ ಜೇಮ್ಸ್ ಮ್ಯಾಕ್‌ಫರ್ಸನ್ ಪ್ರಾಚೀನ ಕಾವ್ಯವೆಂದು ಪ್ರಕಟಿಸಿದ, ಯೂರೋಪಿಗೆಲ್ಲ ಹುಚ್ಚು ಹಿಡಿಸಿದ ಕವಿತೆಗಳ ನಾಯಕ. ಪೂರ್ಣ ಸ್ವರಲಿಪಿ 1835ರಲ್ಲಿ ಅಚ್ಚಾದಾಗ ಮುಖಪುಟದಲ್ಲಿ ‘ಫಿಂಗಲ್‌ನ ಗುಹೆ’ ಎಂದಿತ್ತು, ವಾದಕರ ಕೈಗೆ ಹೋದ ಬಿಡಿ ಪ್ರತಿಗಳಲ್ಲಿ ‘ಹೆಬ್ರಿಡೀಸ್’ ಎಂದಿತ್ತು. ಗುಹೆಯ ಹೆಸರು ಹೆಚ್ಚು ಆಕರ್ಷಕ, ಅದೇ ಗೆದ್ದಿತು. ಹೆಸರು ಬಂದ ಮೇಲೆ ಕೇಳುಗರಿಗೆ ಗುಹೆಯೂ ಕೇಳಿಸತೊಡಗಿತು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಕಡಲು ಇರುವುದೆಲ್ಲಿ? ನೀವು ಕರ್ನಾಟಕ ಸಂಗೀತ ಬಲ್ಲವರಾದ್ದರಿಂದ ಸ್ವರಗಳ ಮೂಲಕವೇ ತೋರಿಸಬಲ್ಲೆ. ಕೃತಿಯ ಬೀಜ ಆರು ಸ್ವರಗಳ ಒಂದು ಪುಟ್ಟ ಸಂಚಾರ. ಆರಂಭದ ಷಡ್ಜವನ್ನು ಪಾಶ್ಚಾತ್ಯರ ‘ಬಿ’ ಸ್ವರದಲ್ಲಿ ಇಟ್ಟುಕೊಂಡರೆ ಅದು ಹೀಗಿದೆ: ಪ ಗ ರಿ ಗ ಸ, ಆಮೇಲೆ ಮಂದ್ರದ ಪ. ಗಾಂಧಾರ ಸಾಧಾರಣ, ರಿಷಭ ಚತುಶ್ಶ್ರುತಿ. ಈ ಕೃತಿಯ ಮೂಲ ಸ್ವರಶ್ರೇಣಿ ನಮ್ಮ ನಠಭೈರವಿಗೆ ಹತ್ತಿರದ್ದು. ಪಂಚಮದಿಂದ ಹೊರಟು, ನಡುವೆ ಒಮ್ಮೆ ಚೂರು ಮೇಲಕ್ಕೆ ಎದ್ದು, ಒಂದು ಸ್ಥಾಯಿಯಷ್ಟು ಕೆಳಗಿರುವ ಪಂಚಮಕ್ಕೆ ಇಳಿಯುವ ಈ ಗುಚ್ಛವನ್ನು ವಯೋಲಾ, ಚೆಲ್ಲೋ ಮತ್ತು ಬಸೂನ್‌ಗಳು ಮೆಲ್ಲಗೆ ನುಡಿಸುತ್ತವೆ. ಮೂರೂ ಗಂಭೀರವಾದ ಕೆಳದನಿಯ ವಾದ್ಯಗಳು. ಮೇಲೆ ಪಿಟೀಲುಗಳು, ಊದುವ ವಾದ್ಯಗಳು ಒಂದೊಂದೇ ದೀರ್ಘ ಸ್ವರವನ್ನು ಹಿಡಿದು ನಿಲ್ಲುತ್ತವೆ. ಗುಚ್ಛ ಮುಗಿಯಿತೆನ್ನುವಷ್ಟರಲ್ಲಿ ಅದೇ ಮತ್ತೆ ಶುರುವಾಗುತ್ತದೆ. ಕೆಳಗೆ ನಿಲ್ಲದ ಪುನರಾವರ್ತನೆ, ಮೇಲೆ ಅಲುಗಾಡದ ಗೆರೆ: ನೀರು ಮತ್ತು ದಿಗಂತ ಎಂದು ಯಾರಾದರೂ ಹೇಳಿದರೆ ನಾನು ತಕರಾರು ತೆಗೆಯುವುದಿಲ್ಲ.

ಆದರೆ ಪುನರಾವರ್ತನೆಯಿಂದಲೇ ಕಡಲಾಗುವುದಿಲ್ಲ. ಹಾಗಿದ್ದರೆ ಯಾವ ಜತಿಯೂ ಅಲೆಯಾಗಬೇಕಿತ್ತು. ಮೆಂಡೆಲ್ಸನ್ ಮಾಡಿದ ನಿಜವಾದ ಕೆಲಸ ಮೂರನೆಯ ಗಣದಲ್ಲಿ ಶುರುವಾಗುತ್ತದೆ. ಅದೇ ಗುಚ್ಛ ಈಗ ಮೊದಲಿನ ಗಾಂಧಾರವನ್ನು ಷಡ್ಜ ಮಾಡಿಕೊಂಡು ಬರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಗ್ರಹಭೇದ: ನಠಭೈರವಿಯ ಗಾಂಧಾರವನ್ನು ಆಧಾರ ಮಾಡಿಕೊಂಡರೆ ಶಂಕರಾಭರಣ ಸಿಗುತ್ತದೆಯಲ್ಲವೇ, ಹಾಗೆಯೇ ಮಂಕಾದ ‘ಬಿ ಮೈನರ್’ ಇಲ್ಲಿ ಥಟ್ಟನೆ ಬೆಳಕು ಬಿದ್ದಂತೆ ‘ಡಿ ಮೇಜರ್’ ಆಗುತ್ತದೆ. ಇನ್ನೆರಡು ಗಣಗಳಾದ ಮೇಲೆ ಮೊದಲಿನ ಪಂಚಮವೇ ಷಡ್ಜವಾಗಿ, ಅದೇ ಗುಚ್ಛ ‘ಎಫ್ ಶಾರ್ಪ್ ಮೈನರ್’ನಲ್ಲಿ ಮತ್ತೆ ಮಂಕಾಗುತ್ತದೆ. ಈ ಮೂರೂ ಸ್ವರಮೇಳಗಳಿಗೆ ಸಾಮಾನ್ಯವಾಗಿರುವ ಒಂದು ಸ್ವರವಿದೆ, ಅದು ‘ಎಫ್ ಶಾರ್ಪ್’: ಮೊದಲನೆಯದರಲ್ಲಿ ಅದು ಪಂಚಮ, ಎರಡನೆಯದರಲ್ಲಿ ಗಾಂಧಾರ, ಮೂರನೆಯದರಲ್ಲಿ ಷಡ್ಜ. ಸ್ವರ ಅದೇ, ಅದರ ಕೆಳಗಿನ ನೆಲ ಮಾತ್ರ ಸರಿಯುತ್ತಿದೆ. ತಂಬೂರಿಯ ಷಡ್ಜ ಕಛೇರಿ ಮುಗಿಯುವವರೆಗೆ ಕದಲುವುದಿಲ್ಲವೆಂಬ ಭರವಸೆಯ ಮೇಲೆ ಕೇಳುವ ನಮ್ಮಂಥವರಿಗೆ ಈ ಸರಿಯುವಿಕೆ ಪಾಶ್ಚಾತ್ಯ ಕೇಳುಗರಿಗಿಂತ ಹೆಚ್ಚು ಸ್ಪಷ್ಟವಾಗಿ ಮೈಗೆ ತಾಗಬೇಕು. ಹಡಗಿನ ಅಟ್ಟದ ಮೇಲೆ ನಿಂತವನಿಗೆ ಆಗುವುದೂ ಇದೇ. ಕಾಲ ಕೆಳಗಿನ ಆಧಾರವೇ ಎದ್ದು ಬಿದ್ದು ಮಾಡುತ್ತಿರುತ್ತದೆ.

ಇದನ್ನು ಅವರು ಅಲೆಯ ಸದ್ದಿನ ಅನುಕರಣೆಯಿಂದ ಸಾಧಿಸಲಿಲ್ಲ ಎಂಬುದು ಮುಖ್ಯ. ಅವರು ಬಳಸಿದ ವಾದ್ಯವೃಂದ ಆ ಕಾಲದ ಮಟ್ಟಿಗೂ ಸಾಧಾರಣ ಗಾತ್ರದ್ದು: ಕೊಳಲು, ಓಬೋ, ಕ್ಲಾರಿನೆಟ್, ಬಸೂನ್, ಹಾರ್ನ್, ಟ್ರಂಪೆಟ್ ಎರಡೆರಡು, ಒಂದು ಜೊತೆ ಟಿಂಪನಿ ಎಂಬ ನಗಾರಿ ಮತ್ತು ತಂತಿವಾದ್ಯಗಳು. ಟ್ರೊಂಬೋನ್ ಕೂಡ ಇಲ್ಲ. ಗಾಳಿಯ ಸದ್ದು ಮಾಡುವ ಯಂತ್ರಗಳೆಲ್ಲ ಬಹಳ ಮುಂದಿನವರ ಚಟ. ಹಿಡಿದ ದೀರ್ಘ ಸ್ವರಗಳ ಮೇಲೂ ಟಿಂಪನಿಯ ಗುಡುಗಿನ ಮೇಲೂ ಸ್ವರಲಿಪಿಯಲ್ಲಿ ಏರು–ಇಳಿತದ ಗುರುತುಗಳು ಮತ್ತೆ ಮತ್ತೆ ಬರುತ್ತವೆ. ಒಳ್ಳೆಯ ವಾದ್ಯವೃಂದ ಅವುಗಳನ್ನು ಪಾಲಿಸುವ ರೀತಿಯಲ್ಲಿಯೇ ಪ್ರದರ್ಶನದ ಗುಣ ತಿಳಿಯುತ್ತದೆ. ಉಬ್ಬರ ಒಂದು ಎಳೆ ಹೆಚ್ಚಾದರೆ ನಾಟಕೀಯವಾಗುತ್ತದೆ, ಕಡಿಮೆಯಾದರೆ ಅಭ್ಯಾಸಪಾಠ ಕೇಳಿದಂತಾಗುತ್ತದೆ.

ಮುಂದೆ 47ನೆಯ ಗಣದಲ್ಲಿ ಎರಡನೆಯ ರಾಗಾಕೃತಿ ಬರುತ್ತದೆ. ಮೊದಲಿನದು ಇಳಿಯುವ ಗುಚ್ಛವಾಗಿದ್ದರೆ ಇದು ಚೆಲ್ಲೋ ಮತ್ತು ಬಸೂನ್‌ಗಳಲ್ಲಿ ಕೆಳಗಿನಿಂದ ವಿಶಾಲವಾಗಿ ಮೇಲೇರುವ, ಉದ್ದ ಉಸಿರಿನ ಹಾಡು. ಮೆಂಡೆಲ್ಸನ್ ಬರೆದ ಅತ್ಯುತ್ತಮ ಮಾಧುರ್ಯ ಇದೇ ಎಂದವರಲ್ಲಿ ಇಂಗ್ಲೆಂಡಿನ ವಿಮರ್ಶಕ ಡೊನಾಲ್ಡ್ ಟೋವಿ ಒಬ್ಬರು; ನನಗೂ ಹಾಗೆಯೇ ಅನಿಸುತ್ತದೆ. ಆಮೇಲಿನ ಮಧ್ಯಭಾಗದಲ್ಲಿ ಆರು ಸ್ವರಗಳ ಗುಚ್ಛವನ್ನು ಒಡೆದು, ತಿರುಗಿಸಿ, ವಾದ್ಯದಿಂದ ವಾದ್ಯಕ್ಕೆ ಎಸೆದು ಬೆಳೆಸುವ ಕೆಲಸ ನಡೆಯುತ್ತದೆ. ಮೆಂಡೆಲ್ಸನ್‌ರನ್ನು ಅತಿ ಹೆಚ್ಚು ಕಾಡಿದ್ದು ಈ ಭಾಗ. 1832ರ ಜನವರಿಯಲ್ಲಿ ಪ್ಯಾರಿಸ್‌ನಿಂದ ಅಕ್ಕ ಫ್ಯಾನಿಗೆ ಬರೆದ ಪತ್ರದಲ್ಲಿ ಅವರು, ಈ ಭಾಗದಲ್ಲಿ ತಿಮಿಂಗಿಲದ ಎಣ್ಣೆ, ಕಡಲಹಕ್ಕಿ, ಉಪ್ಪುಮೀನುಗಳ ರುಚಿಗಿಂತ ಶಾಸ್ತ್ರದ ರುಚಿಯೇ ಹೆಚ್ಚಾಗಿದೆ, ಆಗಬೇಕಾದದ್ದು ಇದಕ್ಕೆ ವಿರುದ್ಧ ಎಂಬರ್ಥದ ಮಾತು ಬರೆದು ಕೃತಿಯನ್ನು ಹೊರಬಿಡಲು ಹಿಂಜರಿದರು. ಲಂಡನ್ನಿನ ಮೊದಲ ಪ್ರದರ್ಶನವಾದ ಮೇಲೂ, ಅದೇ ವರ್ಷದ ಜೂನ್‌ನಲ್ಲಿ ಮತ್ತೆ ತಿದ್ದಿದರು. ಟೊಬರ್ಮರಿಯ 21 ಗಣಗಳಿಗೆ ಒಂದು ಸಂಜೆ ಸಾಕಾಯಿತು. ಆ ಸಂಜೆಯನ್ನು ಹತ್ತು ನಿಮಿಷದ ಕೃತಿಯಲ್ಲಿ ಕೆಡದಂತೆ ಉಳಿಸಿಕೊಳ್ಳಲು ಮೂರು ವರ್ಷ ಬೇಕಾಯಿತು. ಉಪ್ಪುಮೀನಿನ ಈ ಮಾತನ್ನು ಓದಿದಾಗಲೆಲ್ಲ, ಅವರಿಗೆ ನೆನಪಿನಲ್ಲಿದ್ದದ್ದು ಗುಹೆಯ ಭವ್ಯತೆಗಿಂತ ಬಂದರಿನ ವಾಸನೆಯೇ ಇರಬೇಕೆಂದು ನನಗೆ ತೋರುತ್ತದೆ.

ಮತ್ತೊಮ್ಮೆ ಕೇಳುವಾಗ ಎರಡು ಜಾಗಗಳಿಗೆ ಕಿವಿಗೊಡಿ. ಮಧ್ಯಭಾಗದ ಗದ್ದಲ ಅಡಗಿದ ಮೇಲೆ ಎರಡನೆಯ ರಾಗಾಕೃತಿ ಮರಳಿ ಬರುತ್ತದೆ. ಆದರೆ ಈ ಸಲ ಚೆಲ್ಲೋಗಳಲ್ಲಲ್ಲ, ಎರಡು ಕ್ಲಾರಿನೆಟ್‌ಗಳಲ್ಲಿ, ತೀರ ಪ್ರಶಾಂತವಾಗಿ. ವಾದ್ಯವೃಂದವೆಲ್ಲ ಹಿಂದೆ ಸರಿದು ನಿಂತು ದಾರಿ ಬಿಟ್ಟಂತಿರುತ್ತದೆ. ಎರಡನೆಯದು ಮುಕ್ತಾಯ. ಕೊನೆಯ ಭಾಗದಲ್ಲಿ ಬಿರುಸು ಏರಿ, ಇಡೀ ವಾದ್ಯವೃಂದ ಗಟ್ಟಿಯಾಗಿ ನುಡಿದು, ಇನ್ನೇನು ದೊಡ್ಡ ಸಮಾಪ್ತಿ ಬರುತ್ತದೆ ಎನ್ನುವಾಗ ಸದ್ದು ಹಿಂಗಿಹೋಗುತ್ತದೆ. ಕ್ಲಾರಿನೆಟ್‌ನಲ್ಲಿ ಮೊದಲ ಗುಚ್ಛ, ಕೊಳಲಿನಲ್ಲಿ ಮೇಲೇರುವ ಒಂದು ಗೆರೆ, ಬೆರಳಿನಿಂದ ಮೀಟಿದ ತಂತಿಗಳ ಕೆಲವು ಸ್ವರ. ದಡ ಸೇರಿದ ಸೂಚನೆ ಎಲ್ಲಿಯೂ ಇಲ್ಲ.

ಕಥೆ ಗೊತ್ತಿರದಿದ್ದರೆ ಕಡಲು ಕೇಳಿಸುತ್ತಿತ್ತೇ ಎಂಬ ಅನುಮಾನಕ್ಕೆ ಮೆಂಡೆಲ್ಸನ್‌ರದೇ ಇನ್ನೊಂದು ಕೃತಿ ಒಳ್ಳೆಯ ಪರೀಕ್ಷೆ. 1828ರಲ್ಲಿ, ಅಂದರೆ ಈ ಯಾನಕ್ಕಿಂತ ಒಂದು ವರ್ಷ ಮೊದಲು, ಗಯಟೆಯ ಎರಡು ಪುಟ್ಟ ಕವಿತೆಗಳನ್ನು ಆಧರಿಸಿ ಅವರು ‘ಶಾಂತ ಸಮುದ್ರ ಮತ್ತು ಸುಖಪ್ರಯಾಣ’ ಎಂಬ ಓವರ್ಚರ್ (ಒಂದೇ ಭಾಗದ ವಾದ್ಯವೃಂದದ ಕೃತಿ) ಬರೆದಿದ್ದರು. ಶಾಂತ ಸಮುದ್ರ ಎಂದರೆ ಹಾಯಿಹಡಗಿನ ಕಾಲದಲ್ಲಿ ಸುಖವಲ್ಲ, ಗಾಳಿಯಿಲ್ಲದೆ ಹಡಗು ನಿಂತುಬಿಡುವ ಭಯ. ಆ ಕೃತಿಯಲ್ಲಿ ಎಲ್ಲವೂ ಕ್ರಮವಾಗಿದೆ: ನಿಶ್ಚಲ ನೀರು, ಗಾಳಿಯ ಸುಳಿವು, ವೇಗ, ಬಂದರು, ಟ್ರಂಪೆಟ್‌ಗಳ ಸ್ವಾಗತ. ಕವಿತೆ ಓದಿರುವವರಿಗೆ ಪ್ರತಿ ಹಂತವೂ ಗುರುತು ಸಿಗುತ್ತದೆ, ಓದದವರಿಗೆ ಅರ್ಧ ತಪ್ಪಿಹೋಗುತ್ತದೆ. 1829ರ ಏಪ್ರಿಲ್‌ನಲ್ಲಿ ಹ್ಯಾಂಬರ್ಗ್‌ನಿಂದ ಲಂಡನ್ನಿಗೆ ಬರುವ ಹಡಗಿನಲ್ಲಿ ಅವರು ವಾಂತಿ, ತಲೆಸುತ್ತುಗಳಿಂದ ಕಂಗೆಟ್ಟು ಇಂಗ್ಲೆಂಡನ್ನೂ, ವಿಶೇಷವಾಗಿ ತಮ್ಮದೇ ‘ಶಾಂತ ಸಮುದ್ರ’ವನ್ನೂ ಶಪಿಸಿದರಂತೆ. ನನ್ನ ಅಭಿಪ್ರಾಯದಲ್ಲಿ ಆ ಮೊದಲ ಕೃತಿ ಕಡಲಿನ ಬಗ್ಗೆ ಓದಿದವರ ಸಂಗೀತ, ‘ಹೆಬ್ರಿಡೀಸ್’ ಕಡಲು ಮೈಗೆ ತಟ್ಟಿದವರ ಸಂಗೀತ. ಹೆಸರು ಹೇಳದೆ ನುಡಿಸಿದರೆ ‘ಹೆಬ್ರಿಡೀಸ್’ ಕೇಳಿದವರು ‘ಇದು ಕಡಲು’ ಎನ್ನದೆ ಇರಬಹುದು, ಗುಹೆಯಂತೂ ಯಾರಿಗೂ ಹೊಳೆಯುವುದಿಲ್ಲ. ಆದರೆ ಏನೋ ತೂಗುತ್ತಿದೆ, ಏನೋ ಬಹಳ ದೂರದಲ್ಲಿದೆ ಎಂಬಷ್ಟು ತಪ್ಪದೆ ತಿಳಿಯುತ್ತದೆ. ಸಾಹಿತ್ಯವಿಲ್ಲದ ಸಂಗೀತದ ಶಕ್ತಿಯೂ ಮಿತಿಯೂ ಅಲ್ಲಿಯೇ ಇದೆ: ಅದು ಚಲನೆಯನ್ನು, ದೂರವನ್ನು, ಬೆಳಕಿನ ಬದಲಾವಣೆಯನ್ನು ಕೊಡಬಲ್ಲದು; ಸ್ಥಳದ ಹೆಸರನ್ನು ಮುಖಪುಟವೇ ಕೊಡಬೇಕು.

ಬೇರೆ ಕೃತಿಗಳ ಬಗ್ಗೆ ಕೇಳಿದ್ದೀರಿ. ಸ್ಕಾಟ್ಲೆಂಡಿನ ಜನಪದ ಧಾಟಿಯೊಂದೂ ‘ಹೆಬ್ರಿಡೀಸ್’ನಲ್ಲಿ ಇಲ್ಲವೆಂಬುದು ಇಲ್ಲಿ ಪ್ರಸ್ತುತ. ಅದೇ ಆಗಸ್ಟ್‌ನ ಕೊನೆಯಲ್ಲಿ ವೇಲ್ಸ್‌ಗೆ ಹೋದ ಮೆಂಡೆಲ್ಸನ್, ಅಲ್ಲಿನ ಪ್ರತಿ ವಸತಿಗೃಹದಲ್ಲೂ ಪ್ರವಾಸಿಗರಿಗಾಗಿ ನುಡಿಸುತ್ತಿದ್ದ ಹಾರ್ಪ್ ವಾದಕರಿಂದ ರೋಸಿಹೋಗಿ, ತನಗೆ ಈ ರಾಷ್ಟ್ರೀಯ ಸಂಗೀತವೇ ಬೇಡವೆಂದು ಮನೆಗೆ ಬರೆದಿದ್ದರು. ಮುಂದಿನವರು ಬೇರೆ ದಾರಿ ಹಿಡಿದರು. ಇಂಗ್ಲೆಂಡಿನ ಗ್ರ್ಯಾನ್‌ವಿಲ್ ಬ್ಯಾಂಟಕ್ 1915ರ ‘ಹೆಬ್ರಿಡಿಯನ್ ಸಿಂಫನಿ’ಯಲ್ಲಿ ಅದೇ ದ್ವೀಪಗಳ ಗೇಲಿಕ್ ಭಾಷೆಯ ಹಾಡುಗಳನ್ನು ನೇರವಾಗಿ ಬಳಸಿದರು, ಮಂಜಿನ ನಡುವಿಂದ ಹಾಡು ಮೂಡುವ ಭಾಗಗಳು ಚೆನ್ನಾಗಿವೆ, ಯುದ್ಧದ ಟ್ರಂಪೆಟ್‌ಗಳು ಅಷ್ಟೊಂದು ಹೊತ್ತು ಬೇಕಿರಲಿಲ್ಲ. ಡೆನ್ಮಾರ್ಕ್‌ನ ಕಾರ್ಲ್ ನೀಲ್ಸನ್‌ರದು ನಿಮಗೆ ಹೆಚ್ಚು ಹಿಡಿಸಬಹುದು. ಫೇರೋ ದ್ವೀಪಗಳಿಂದ ಕೋಪನ್‌ಹೇಗನ್‌ಗೆ ಬಂದ ಅತಿಥಿಗಳ ಗೌರವಾರ್ಥ 1927ರಲ್ಲಿ ಅವರು ಬರೆದದ್ದು ‘ಫೇರೋ ದ್ವೀಪಗಳಿಗೆ ಒಂದು ಕಾಲ್ಪನಿಕ ಯಾನ’. ಹೆಸರಿನಲ್ಲೇ ಕಾಲ್ಪನಿಕವೆಂದು ಒಪ್ಪಿಕೊಂಡ ಈ ಕೃತಿ ಕೆಳದನಿಯ ಶಾಂತ ಕಡಲಿನಿಂದ ಶುರುವಾಗಿ, ದ್ವೀಪ ಕಂಡಾಗ ಒಂದು ಫೇರೋ ಹಾಡಾಗಿ, ಒರಟು ಕುಣಿತವಾಗಿ, ಬೀಳ್ಕೊಡುಗೆಯಾಗಿ, ಮತ್ತೆ ಕಡಲಿಗೆ ಮರಳುತ್ತದೆ. ಅದೂ ಹತ್ತು ನಿಮಿಷದ ಆಸುಪಾಸಿನದೇ. ‘ಹೆಬ್ರಿಡೀಸ್’ ಆದ ಕೂಡಲೇ ಕೇಳಿದರೆ ಇಬ್ಬರ ದಾರಿಗಳ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ನಿಜವಾಗಿ ಹಡಗು ಹತ್ತಿ ಹೋಗಿಬಂದು ಬರೆದವರಲ್ಲಿ ಈಚಿನವರು ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್. 1970ರ ದಶಕದಿಂದ ಸ್ಕಾಟ್ಲೆಂಡಿನ ಉತ್ತರದ ಆರ್ಕ್‌ನಿ ದ್ವೀಪಗಳಲ್ಲಿಯೇ ನೆಲೆಸಿದ್ದ ಅವರನ್ನು ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೇ ಸಂಸ್ಥೆ 1997ರ ಕೊನೆಯಲ್ಲಿ ದಕ್ಷಿಣ ಧ್ರುವಪ್ರದೇಶಕ್ಕೆ ಕಳಿಸಿತು. ಆ ಪ್ರಯಾಣದ ಫಲವಾದ ‘ಅಂಟಾರ್ಕ್ಟಿಕ್ ಸಿಂಫನಿ’ 2001ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ಪ್ರದರ್ಶನಗೊಂಡಿತು. ಮೆಂಡೆಲ್ಸನ್ ಬಳಸದ ತಾಳವಾದ್ಯಗಳ ದಂಡೇ ಅದರಲ್ಲಿದೆ, ಮಾಧುರ್ಯ ಕಿವಿಗೆ ಸುಲಭವಾಗಿ ಒದಗುವುದಿಲ್ಲ. ಅದನ್ನು ಮೊದಲ ಸಲಕ್ಕೇ ಇಡಿಯಾಗಿ ಕೇಳುವ ಸಾಹಸ ಬೇಡ. ನೀಲ್ಸನ್ ಆದ ಮೇಲೆ, ಬಿಡುವಿದ್ದಾಗ, ಅದರ ಆರಂಭದ ಕೆಲವು ನಿಮಿಷಗಳನ್ನು ಮಾತ್ರ ಕೇಳಿ ನೋಡಿ.